ಅಗ್ಗದ ಬೇಳೆಯ ಖರ್ಚನ್ನು ಭರಿಸುತ್ತಿರುವವರು ಯಾರು?

ದೇಶದ ಒಟ್ಟು ಉತ್ಪನ್ನದಲ್ಲಿ ಕೃಷಿ ಮತ್ತು ಅದಕ್ಕೆ ಹೊಂದಿಕೊಂಡ ಹೈನುಗಾರಿಕೆ, ಮೀನುಗಾರಿಕೆ, ಅರಣ್ಯಗಳ ಪಾಲು ಈಗ ಸುಮಾರು ಶೇ 18. 1950ರ ದಶಕದ ಆರಂಭದಲ್ಲಿ ಇದು ಅರ್ಧಕ್ಕಿಂತ ಹೆಚ್ಚಿತ್ತು. ಈ ಇಳಿಕೆಯನ್ನು ಮುಂದಿಟ್ಟುಕೊಂಡು, ಕೃಷಿಯೆಂದರೆ ಸಬ್ಸಿಡಿ ಬೇಡುವ, ಸಾಲ ಮನ್ನಾ ಕೇಳುವ, ಬೆಳವಣಿಗೆಯ ವೇಗಕ್ಕೆ ಅಡ್ಡಗಾಲಾಗುವ ವಲಯ ಎಂಬ ತೀರ್ಮಾನಕ್ಕೆ ಬರುವವರು ಕಡಿಮೆಯೇನಿಲ್ಲ. ರಾಜ್ಯದ ಉತ್ಪನ್ನದಲ್ಲಿ ಶೇ 60ಕ್ಕೂ ಹೆಚ್ಚನ್ನು ಸೇವಾ ವಲಯವೇ ಕೊಡುವ ಕರ್ನಾಟಕದಲ್ಲಂತೂ ಈ ಮಾತು ಇನ್ನಷ್ಟು ಸಲೀಸಾಗಿ ಬಾಯಿಗೆ ಬರುತ್ತದೆ.

ದುಡಿಯುವ ಕೈಗಳ ಲೆಕ್ಕ ತೆಗೆದರೆ ಸ್ಥಿತಿಯೇ ಬೇರೆ. ಕೇಂದ್ರ ಸರ್ಕಾರದ ನಿಯತಕಾಲಿಕ ಕಾರ್ಮಿಕ ಸಮೀಕ್ಷೆಯ ಪ್ರಕಾರ 2023-24ರಲ್ಲಿ ದೇಶದ ಒಟ್ಟು ದುಡಿಮೆಗಾರರಲ್ಲಿ ಶೇ 46.1ರಷ್ಟು ಮಂದಿ ಕೃಷಿಯಲ್ಲಿದ್ದರು. ಶೇ 46ರಷ್ಟು ಜನ ಸೇರಿ ಶೇ 18ರಷ್ಟು ಉತ್ಪನ್ನವನ್ನೂ ಉಳಿದ ಶೇ 54ರಷ್ಟು ಜನ ಸೇರಿ ಶೇ 82ರಷ್ಟು ಉತ್ಪನ್ನವನ್ನೂ ಕೊಡುತ್ತಿದ್ದಾರೆ ಎಂದಾದರೆ, ಕೃಷಿಯ ಹೊರಗೆ ದುಡಿಯುವ ಒಬ್ಬರ ತಲಾ ಉತ್ಪನ್ನ ಕೃಷಿಯಲ್ಲಿರುವ ಒಬ್ಬರದಕ್ಕಿಂತ ಹೆಚ್ಚುಕಡಿಮೆ ನಾಲ್ಕು ಪಟ್ಟಾಗುತ್ತದೆ. ಕೃಷಿ ಹಿಂದುಳಿದಿದೆ, ಅಲ್ಲಿ ಜನ ಹೆಚ್ಚಾಗಿದ್ದಾರೆ, ಅವರು ಹೊರಬರಬೇಕು ಎಂದು ಈ ಅಂತರವನ್ನು ಸಾಮಾನ್ಯವಾಗಿ ವಿವರಿಸಲಾಗುತ್ತದೆ. ಅದರಲ್ಲಿ ಸತ್ಯವಿದೆ. ಆದರೆ ಆ ಶೇ 18 ಎಂಬ ಅಂಕಿ ಹೇಗೆ ಹುಟ್ಟುತ್ತದೆ ಎಂಬುದನ್ನು ಗಮನಿಸದೆ ಅಲ್ಲಿಗೇ ನಿಂತರೆ ಅರ್ಧ ಸತ್ಯ ಮಾತ್ರ ಕೈಗೆ ಸಿಗುತ್ತದೆ.

ಒಂದು ವಲಯದ ಮೌಲ್ಯವರ್ಧನೆಯನ್ನು ಲೆಕ್ಕ ಹಾಕುವಾಗ, ಉತ್ಪಾದನೆಯ ಪ್ರಮಾಣವನ್ನು ಅದಕ್ಕೆ ಸಿಕ್ಕ ಬೆಲೆಯಿಂದ ಗುಣಿಸಿ, ಹೊರಗಿನಿಂದ ಕೊಂಡ ಬೀಜ, ಗೊಬ್ಬರ, ಕೀಟನಾಶಕ, ಡೀಸೆಲ್ ಮುಂತಾದವುಗಳ ಖರ್ಚನ್ನು ಕಳೆಯುತ್ತಾರೆ. ಅಂದರೆ ಬೆಳೆ ಎಷ್ಟೇ ಬಂದಿರಲಿ, ಅದಕ್ಕೆ ಸಿಗುವ ಬೆಲೆ ತಗ್ಗಿದರೆ ವಲಯದ ಪಾಲೂ ತಗ್ಗುತ್ತದೆ. ಸಾಫ್ಟ್‌ವೇರ್ ಸೇವೆಯ ದರವನ್ನಾಗಲಿ, ಕಾರಿನ ಬೆಲೆಯನ್ನಾಗಲಿ ಇಳಿಸಲು ಯಾವ ಸರ್ಕಾರವೂ ರಫ್ತು ನಿಷೇಧಿಸುವುದಿಲ್ಲ. ಅಕ್ಕಿ, ಗೋಧಿ, ಈರುಳ್ಳಿ, ಬೇಳೆಗಳ ವಿಷಯದಲ್ಲಿ ಮಾತ್ರ ಅದು ಮಾಮೂಲು. ಬೆಲೆಯನ್ನು ಒತ್ತಿ ಹಿಡಿದಾಗ ಪಾಲು ಕುಗ್ಗುತ್ತದೆ, ಕುಗ್ಗಿದ ಪಾಲನ್ನು ತೋರಿಸಿ ಈ ವಲಯಕ್ಕೆ ಇಷ್ಟು ಸಾಕು ಎನ್ನಲಾಗುತ್ತದೆ. ಇದರ ಜೊತೆಗೆ ಕಬ್ಬು ಸಕ್ಕರೆಯೂ ಎಥೆನಾಲೂ ಆದಾಗ, ಹತ್ತಿ ಅಂಗಿಯಾದಾಗ, ಭತ್ತ ಅಕ್ಕಿಯಾದಾಗ ಸೇರುವ ಮೌಲ್ಯವೆಲ್ಲ ಕೈಗಾರಿಕೆಯ ಖಾತೆಗೆ ಹೋಗುತ್ತದೆ. ಲೆಕ್ಕಶಾಸ್ತ್ರದ ದೃಷ್ಟಿಯಿಂದ ಇದು ಸರಿಯೇ, ಆದರೆ ಯಾರು ಯಾರನ್ನು ಆಧರಿಸಿ ನಿಂತಿದ್ದಾರೆ ಎಂಬುದು ಅದರಲ್ಲಿ ಕಾಣಿಸುವುದಿಲ್ಲ.

ಭಾರತದ ಆರ್ಥಿಕತೆಯಲ್ಲಿ ಕೃಷಿ ಇಂದು ಮಾಡುತ್ತಿರುವ ಎರಡು ದೊಡ್ಡ ಕೆಲಸಗಳು ಈ ಶೇ 18ರ ಒಳಗೆ ದಾಖಲಾಗುತ್ತಿಲ್ಲ. ಇಡೀ ದೇಶದ ಹಣದುಬ್ಬರವನ್ನು ಅಂಕೆಯಲ್ಲಿಡುವುದು ಒಂದು, ಬೇರೆ ವಲಯಗಳು ಕೆಲಸ ಕೊಡದ ಕೋಟ್ಯಂತರ ಜನರನ್ನು ಸಾಕುವುದು ಇನ್ನೊಂದು. ಈ ಎರಡಕ್ಕೂ ರೈತನಿಗೆ ಸಂಭಾವನೆ ಸಿಗುತ್ತಿಲ್ಲ ಎಂಬುದಷ್ಟೇ ಅಲ್ಲ, ಇವುಗಳ ವೆಚ್ಚವನ್ನು ಅವನ ಆದಾಯದಿಂದಲೇ ಸದ್ದಿಲ್ಲದೆ ಕಡಿತ ಮಾಡಲಾಗುತ್ತಿದೆ.

ಮೊದಲು ಬೆಲೆಯ ವಿಚಾರ. 2012ನ್ನು ಆಧಾರ ವರ್ಷವಾಗಿ ಇಟ್ಟುಕೊಂಡು ರೂಪಿಸಿದ ಗ್ರಾಹಕ ಬೆಲೆ ಸೂಚ್ಯಂಕದಲ್ಲಿ ಆಹಾರ ಮತ್ತು ಪಾನೀಯಗಳ ತೂಕ ಶೇ 45.86 ಇತ್ತು. 2023-24ರ ಕುಟುಂಬ ಬಳಕೆ ವೆಚ್ಚ ಸಮೀಕ್ಷೆಯ ಪ್ರಕಾರ ಹಳ್ಳಿಯ ಕುಟುಂಬಗಳು ತಮ್ಮ ಖರ್ಚಿನಲ್ಲಿ ಶೇ 47ರಷ್ಟನ್ನೂ ಪಟ್ಟಣದ ಕುಟುಂಬಗಳು ಸುಮಾರು ಶೇ 40ರಷ್ಟನ್ನೂ ಆಹಾರಕ್ಕೆ ವ್ಯಯಿಸುತ್ತವೆ. 2016ರಿಂದ ರಿಸರ್ವ್ ಬ್ಯಾಂಕ್ ಹಣದುಬ್ಬರವನ್ನು ಶೇ 4ರ ಆಸುಪಾಸಿನಲ್ಲಿ, ಹೆಚ್ಚೆಂದರೆ ಎರಡು ಅಂಶ ಆಚೀಚೆ, ಇಟ್ಟುಕೊಳ್ಳಲು ಕಾನೂನಿನಡಿ ಬದ್ಧವಾಗಿದೆ. ಆದರೆ ಬಡ್ಡಿ ದರ ಏರಿಸಿದ ಮಾತ್ರಕ್ಕೆ ಕೋಲಾರದ ಹೊಲದಲ್ಲಿ ಟೊಮೆಟೊ ಹೆಚ್ಚು ಬೆಳೆಯುವುದಿಲ್ಲ. 2023ರ ಜುಲೈಯಲ್ಲಿ ಟೊಮೆಟೊ ಕಿಲೋಗೆ 100 ರೂಪಾಯಿ ದಾಟಿ, ಹಣದುಬ್ಬರ ಶೇ 7.44ಕ್ಕೆ ಏರಿದಾಗ ರಿಸರ್ವ್ ಬ್ಯಾಂಕಿಗೆ ಮಾಡಲು ಹೆಚ್ಚೇನೂ ಇರಲಿಲ್ಲ. ಇಂಥ ಹೊತ್ತಿನಲ್ಲಿ ಕೆಲಸ ಮಾಡುವುದು ವಾಣಿಜ್ಯ ಮತ್ತು ಆಹಾರ ಇಲಾಖೆಗಳು ಹೊರಡಿಸುವ ಅಧಿಸೂಚನೆಗಳು.

ಆ ಎರಡು ಮೂರು ವರ್ಷಗಳ ಆದೇಶಗಳನ್ನು ಸಾಲಾಗಿ ನೋಡಿದರೆ ನೀತಿಯ ದಿಕ್ಕು ಸ್ಪಷ್ಟವಾಗುತ್ತದೆ. 2022ರ ಮೇ ತಿಂಗಳಲ್ಲಿ ಗೋಧಿ ರಫ್ತು ನಿಂತಿತು. 2023ರ ಜುಲೈಯಲ್ಲಿ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತು ನಿಂತಿತು, ಅದು ಮತ್ತೆ ಆರಂಭವಾಗಿದ್ದು 2024ರ ಸೆಪ್ಟೆಂಬರ್ ಕೊನೆಗೆ. ಈರುಳ್ಳಿಗೆ 2023ರ ಆಗಸ್ಟ್‌ನಲ್ಲಿ ಶೇ 40ರ ರಫ್ತು ಸುಂಕ, ಅಕ್ಟೋಬರಿನಲ್ಲಿ ಕನಿಷ್ಠ ರಫ್ತು ಬೆಲೆ, ಡಿಸೆಂಬರಿನಲ್ಲಿ ಪೂರ್ಣ ನಿಷೇಧ. ಸುಂಕ ಸಂಪೂರ್ಣ ತೆಗೆದದ್ದು 2025ರ ಏಪ್ರಿಲ್ 1ರಂದು. ಇದರಲ್ಲಿ ಚಿಕ್ಕಬಳ್ಳಾಪುರ, ಕೋಲಾರ, ಬೆಂಗಳೂರು ಗ್ರಾಮಾಂತರದ ರೈತರಿಗಾದ ತೊಂದರೆಯನ್ನು ಪ್ರತ್ಯೇಕವಾಗಿ ಹೇಳಬೇಕು. ಅಲ್ಲಿ ಬೆಳೆಯುವ ಬೆಂಗಳೂರು ರೋಸ್ ಎಂಬ ಸಣ್ಣ, ಖಾರದ ಗುಲಾಬಿ ಈರುಳ್ಳಿಗೆ ನಮ್ಮ ಅಡುಗೆಮನೆಗಳಲ್ಲಿ ಬೇಡಿಕೆ ತೀರಾ ಕಡಿಮೆ. ಅದು ಬಹುಪಾಲು ಮಲೇಷ್ಯಾ, ಸಿಂಗಪುರ, ಶ್ರೀಲಂಕಾದವರಿಗಾಗಿಯೇ ಬೆಳೆಯುವ ಬೆಳೆ. ಅದರ ರಫ್ತಿಗೆ ತಡೆ ಹಾಕಿದರೆ ದೆಹಲಿಯ ಗ್ರಾಹಕನಿಗೆ ಒಂದು ರೂಪಾಯಿಯ ಉಪಕಾರವೂ ಆಗದು. ಆದರೂ ಶೇ 40ರ ಸುಂಕ ಘೋಷಣೆಯಾದಾಗ ಅದೂ ಒಳಗೆ ಸೇರಿತು. ರಾಜ್ಯದಿಂದ ಒತ್ತಡ ಬಂದ ಮೇಲಷ್ಟೇ ವಿನಾಯಿತಿ ಸಿಕ್ಕಿತು. ಬೆಲೆ ಇಳಿಸುವ ಅವಸರದಲ್ಲಿ ಯಾವ ಬೆಳೆ, ಯಾರ ಬೆಳೆ ಎಂದು ವಿಚಾರಿಸುವ ವ್ಯವಧಾನವೂ ಉಳಿಯುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಆಹಾರ ಅಗ್ಗವಾಗಿದ್ದರೆ ಲಾಭ ಕೊಳ್ಳುವವರಿಗೆ ಮಾತ್ರವಲ್ಲ, ಕೂಲಿ ಕೊಡುವವರಿಗೂ ಆಗುತ್ತದೆ. ಹೆಚ್ಚುವರಿ ಶ್ರಮಿಕರು ಕೃಷಿಯಿಂದ ಕೈಗಾರಿಕೆಗೆ ಹರಿದು ಬರುವ ಮಾದರಿಯನ್ನು 1954ರಲ್ಲಿ ಮಂಡಿಸಿದ ಅರ್ಥಶಾಸ್ತ್ರಜ್ಞ ಆರ್ಥರ್ ಲೂಯಿಸ್ ಇದನ್ನು ಗುರುತಿಸಿದ್ದರು: ಆಹಾರದ ಬೆಲೆ ಏರಿದರೆ ಕೈಗಾರಿಕೆಯ ಕೂಲಿ ಏರಬೇಕಾಗುತ್ತದೆ, ಬಂಡವಾಳಗಾರನ ಲಾಭ ಕುಗ್ಗುತ್ತದೆ, ವಿಸ್ತರಣೆ ನಿಲ್ಲುತ್ತದೆ. ಪೀಣ್ಯದ ಗಾರ್ಮೆಂಟ್ ಕಾರ್ಮಿಕಳ ಸಂಬಳ, ಅಪಾರ್ಟ್‌ಮೆಂಟಿನ ಸೆಕ್ಯುರಿಟಿಯವರ ಸಂಬಳ, ಕಟ್ಟಡ ಕೆಲಸದ ದಿನಗೂಲಿ ಇವೆಲ್ಲ ಈಗಿರುವ ಮಟ್ಟದಲ್ಲಿ ಸಾಧ್ಯವಾಗಿರುವುದಕ್ಕೆ ಅಕ್ಕಿ, ಬೇಳೆ, ಹಾಲು ಈಗಿರುವ ಬೆಲೆಗೆ ಸಿಗುತ್ತಿರುವುದೇ ಒಂದು ಮುಖ್ಯ ಕಾರಣ. ಬೆಂಗಳೂರಿನ ಸೇವಾ ವಲಯದ ಮೌಲ್ಯವರ್ಧನೆಯಲ್ಲಿ ಈ ಅಗ್ಗದ ಆಹಾರದ ಕೊಡುಗೆ ಎಷ್ಟು ಎಂದು ಯಾರೂ ಬಿಡಿಸಿ ಬರೆಯುವುದಿಲ್ಲ.

ಕಲಬುರಗಿಯ ತೊಗರಿಯನ್ನು ಹತ್ತಿರದಿಂದ ನೋಡಿದರೆ ಈ ವ್ಯವಸ್ಥೆ ಹೇಗೆ ಕೆಲಸ ಮಾಡುತ್ತದೆ ಎಂಬುದು ಹೆಚ್ಚು ನಿಚ್ಚಳವಾಗುತ್ತದೆ. ಜಿಲ್ಲೆಯ ಎರೆ ಹೊಲಗಳಲ್ಲಿ ಮುಂಗಾರಿನ ಮೊದಲ ಹದ ಮಳೆಗೆ ಬಿತ್ತಿದ ತೊಗರಿ ರಾಶಿಯಾಗುವುದು ಡಿಸೆಂಬರ್, ಜನವರಿಯಲ್ಲಿ. ನೀರಾವರಿ ಇಲ್ಲದ ಹೊಲದಲ್ಲಿ ಆರು ತಿಂಗಳು ನಿಲ್ಲುವ ಬೆಳೆಯಾದ್ದರಿಂದ ಬಹುತೇಕರಿಗೆ ವರ್ಷಕ್ಕೆ ಅದೊಂದೇ ಫಸಲು. ಹೂವಿನ ಹೊತ್ತಿಗೆ ಮೋಡ ಕವಿದರೆ ಕಾಯಿಕೊರಕದ ಭಯ, ಮಳೆ ಹೆಚ್ಚಾಗಿ ನೀರು ನಿಂತರೆ ನೆಟೆ ರೋಗದ ಭಯ. 2022ರ ಮುಂಗಾರಿನಲ್ಲಿ ಈ ನೆಟೆ ರೋಗಕ್ಕೆ ನಿಂತ ಬೆಳೆಯೇ ಒಣಗಿಹೋಗಿ ರಾಜ್ಯ ಸರ್ಕಾರ ವಿಶೇಷ ಪರಿಹಾರ ಘೋಷಿಸಬೇಕಾಯಿತು. ರಾಶಿ ಮುಗಿದ ಮೇಲೆ ಚೀಲಗಳು ದಲ್ಲಾಳಿಗಳ ಅಡತ್ ಅಂಗಡಿಗೆ ಹೋಗುತ್ತವೆ. ಬೀಜಕ್ಕೆ, ಔಷಧಿಗೆ, ಮನೆಯ ಮದುವೆಗೆ ಕೈಗಡ ಕೊಟ್ಟಿರುವವರೂ ಹಲವು ಸಲ ಅದೇ ಅಡತಿಯವರಾಗಿರುವುದರಿಂದ ಬೆಲೆ ಏರುವವರೆಗೆ ಕಾಯುವ ಸ್ವಾತಂತ್ರ್ಯ ಸಣ್ಣ ಹಿಡುವಳಿಯವರಿಗೆ ಇರುವುದಿಲ್ಲ.

ಇನ್ನು ಬೆಲೆಯ ಕಥೆ. 2015ರಲ್ಲಿ ತೊಗರಿ ಬೇಳೆ ಚಿಲ್ಲರೆ ಅಂಗಡಿಯಲ್ಲಿ ಕಿಲೋಗೆ 200 ರೂಪಾಯಿಯ ಹತ್ತಿರ ಹೋಯಿತು. ಮರುವರ್ಷದ ಜುಲೈಯಲ್ಲಿ ಕೇಂದ್ರ ಸರ್ಕಾರ ಮೊಜಾಂಬಿಕ್ ಜೊತೆ ಐದು ವರ್ಷಗಳ ತೊಗರಿ ಖರೀದಿ ಒಪ್ಪಂದ ಮಾಡಿಕೊಂಡಿತು. ಅದೇ ಮುಂಗಾರಿನಲ್ಲಿ, ಹಿಂದಿನ ವರ್ಷದ ಬೆಲೆ ನೋಡಿ ನಮ್ಮ ರೈತರೂ ಹೆಚ್ಚು ಬಿತ್ತಿದರು, ಮಳೆಯೂ ಕೈಹಿಡಿಯಿತು. 2015-16ರಲ್ಲಿ 25 ಲಕ್ಷ ಟನ್ನಿನ ಆಸುಪಾಸಿನಲ್ಲಿದ್ದ ದೇಶದ ತೊಗರಿ ಉತ್ಪಾದನೆ 2016-17ರಲ್ಲಿ 48 ಲಕ್ಷ ಟನ್ ಮುಟ್ಟಿತು. 2017ರ ಆರಂಭದ ಹೊತ್ತಿಗೆ ಮಾರುಕಟ್ಟೆ ದರ ಸರ್ಕಾರ ಘೋಷಿಸಿದ್ದ, ಕ್ವಿಂಟಲ್‌ಗೆ 5,050 ರೂಪಾಯಿಯ ಬೆಂಬಲ ಬೆಲೆಗಿಂತ ಕೆಳಗೆ ಬಿತ್ತು. ಆಮದಿಗೆ ಮಿತಿ ಹಾಕಿದ್ದು ಆಗಸ್ಟ್‌ನಲ್ಲಿ, ಅಂದರೆ ರೈತರ ಮನೆಯಲ್ಲಿ ಮಾರಲು ಏನೂ ಉಳಿದಿರದ ಹೊತ್ತಿನಲ್ಲಿ.

ಐದಾರು ವರ್ಷಗಳಲ್ಲಿ ಅದೇ ಆಟ ಮರುಕಳಿಸಿತು. 2021ರ ಮೇ ತಿಂಗಳಲ್ಲಿ ತೊಗರಿ ಆಮದಿನ ಮಿತಿ ತೆಗೆದುಹಾಕಲಾಯಿತು. 2023ರ ಜೂನ್‌ನಲ್ಲಿ ವರ್ತಕರ ದಾಸ್ತಾನಿಗೆ ಮಿತಿ ಬಂತು, 2024ರ ಜೂನ್‌ನಲ್ಲಿ ಮತ್ತೊಮ್ಮೆ. ಡಿಸೆಂಬರ್ 2023ರಲ್ಲಿ ತೊಗರಿಗೆ ಬದಲಿಯಾಗಿ ಬಳಕೆಯಾಗುವ ಹಳದಿ ಬಟಾಣಿಯನ್ನು ಸುಂಕವಿಲ್ಲದೆ ತರಿಸಲು ಅನುಮತಿ ಸಿಕ್ಕಿ, ಕೆನಡಾ ಮತ್ತು ರಷ್ಯಾದಿಂದ ಹಡಗುಗಳು ಬಂದವು. ಆಫ್ರಿಕಾದ ತೊಗರಿ ಕಟಾವಾಗುವುದು ನಮ್ಮ ರಾಶಿಗಿಂತ ಕೆಲವು ತಿಂಗಳು ಮೊದಲು ಎಂಬುದನ್ನು ಇಲ್ಲಿ ನೆನಪಿಡಬೇಕು. ಕಲಬುರಗಿಯ ಹೊಲದಲ್ಲಿ ಕಾಯಿ ಬಲಿಯುತ್ತಿರುವಾಗಲೇ ಮೊಜಾಂಬಿಕ್, ತಾಂಜಾನಿಯಾ, ಮಲಾವಿಯ ಕಾಳು ಬಂದರಿನಲ್ಲಿ ಇಳಿದಿರುತ್ತದೆ. ದಾಲ್ ಮಿಲ್ಲಿನವರು ಜನವರಿಯ ಆವಕಕ್ಕಾಗಿ ಆತುರಪಡಬೇಕಾದ ಪರಿಸ್ಥಿತಿಯೇ ಇರುವುದಿಲ್ಲ. 2024-25ರಲ್ಲಿ ದೇಶಕ್ಕೆ ಬಂದ ತೊಗರಿ ಸುಮಾರು 12 ಲಕ್ಷ ಟನ್. ಹಿಂದಿನ ವರ್ಷ ಕ್ವಿಂಟಲ್‌ಗೆ 10 ಸಾವಿರ ದಾಟಿದ್ದ ದರ 2025ರ ಜನವರಿಯ ಹೊತ್ತಿಗೆ 7,550 ರೂಪಾಯಿಯ ಬೆಂಬಲ ಬೆಲೆಯ ಮಟ್ಟಕ್ಕೂ ಅದರ ಕೆಳಕ್ಕೂ ಕುಸಿಯಿತು. ರಾಜ್ಯ ಸರ್ಕಾರ ಕ್ವಿಂಟಲ್‌ಗೆ 450 ರೂಪಾಯಿ ಸೇರಿಸಿ 8,000 ಕೊಡುವುದಾಗಿ ಹೇಳಬೇಕಾಯಿತು. ಅದೇ ಜನವರಿಯಲ್ಲಿ, ರಾಶಿಯ ಕಣದಲ್ಲಿ ಹೊಸ ಕಾಳು ಬಿದ್ದಿರುವಾಗಲೇ, ತೊಗರಿಯ ಸುಂಕರಹಿತ ಆಮದನ್ನು 2026ರ ಮಾರ್ಚ್ 31ರವರೆಗೆ ವಿಸ್ತರಿಸುವ ಅಧಿಸೂಚನೆ ಕೇಂದ್ರದಿಂದ ಹೊರಬಿತ್ತು.

ಆಮದೇ ಬೇಡ ಎಂದು ಯಾರೂ ವಾದಿಸಲಾರರು. ದೇಶದ ವಾರ್ಷಿಕ ಬೇಡಿಕೆ ಸುಮಾರು 45 ಲಕ್ಷ ಟನ್, ಇತ್ತೀಚಿನ ವರ್ಷಗಳ ಉತ್ಪಾದನೆ 35 ಲಕ್ಷ ಟನ್ನಿನ ಆಸುಪಾಸು. ಕೊರತೆ ತುಂಬಲೇಬೇಕು. ಪ್ರಶ್ನೆ ಇರುವುದು ಸಮಯದ್ದು ಮತ್ತು ಹೊರೆಯದ್ದು. ಬೆಲೆ ಏರಿದಾಗ ಕೆಲವೇ ದಿನಗಳಲ್ಲಿ ಬಾಗಿಲು ತೆರೆಯುವ ನೀತಿ, ಬೆಲೆ ಬಿದ್ದಾಗ ತಿಂಗಳುಗಟ್ಟಲೆ ಯೋಚಿಸುತ್ತದೆ. ಹಳದಿ ಬಟಾಣಿಗೆ ಮತ್ತೆ ಶೇ 30ರ ಸುಂಕ ಬಂದದ್ದು 2025ರ ನವೆಂಬರಿನಲ್ಲಿ, ಸುಮಾರು ಎರಡು ವರ್ಷದ ಬಳಿಕ. ಬೆಲೆ ಏರಿದ ವರ್ಷದ ಲಾಭಕ್ಕೆ ಕತ್ತರಿ, ಬಿದ್ದ ವರ್ಷದ ನಷ್ಟ ಪೂರ್ತಿ ರೈತನದೇ ಎಂಬ ಏರ್ಪಾಟಿನಲ್ಲಿ ಯಾರು ತಾನೇ ಹೊಲಕ್ಕೆ ಬಂಡವಾಳ ಹಾಕುತ್ತಾರೆ? ಬೇಳೆಕಾಳುಗಳಲ್ಲಿ ಸ್ವಾವಲಂಬನೆ ಸಾಧಿಸಲು 2025ರ ಅಕ್ಟೋಬರಿನಲ್ಲಿ 11,440 ಕೋಟಿ ರೂಪಾಯಿಯ ಯೋಜನೆಗೆ ಕೇಂದ್ರ ಚಾಲನೆ ನೀಡಿದೆ. ತೊಗರಿ, ಉದ್ದು, ಮಸೂರವನ್ನು ನೋಂದಾಯಿತ ರೈತರಿಂದ ನಾಲ್ಕು ವರ್ಷ ಪೂರ್ತಿಯಾಗಿ ಕೊಳ್ಳುವ ಭರವಸೆ ಅದರಲ್ಲಿದೆ. ಭರವಸೆ ಒಳ್ಳೆಯದು. ಆದರೆ ಆಮದು ನೀತಿಯನ್ನು ಬೇರೊಂದು ಇಲಾಖೆ ಬೇರೊಂದು ಲೆಕ್ಕದಲ್ಲಿ ನಡೆಸುತ್ತಿರುವವರೆಗೆ, ಒಂದು ಕೈಯಿಂದ ಕೊಟ್ಟದ್ದನ್ನು ಇನ್ನೊಂದು ಕೈ ಕಿತ್ತುಕೊಳ್ಳುವ ಸಾಧ್ಯತೆ ಇದ್ದೇ ಇರುತ್ತದೆ.

ಇಲ್ಲಿ ಸಹಜವಾಗಿಯೇ ಒಂದು ಆಕ್ಷೇಪ ಬರುತ್ತದೆ. ರೈತರಿಗೆ ಗೊಬ್ಬರ ಅಗ್ಗ, ಪಂಪ್‌ಸೆಟ್‌ಗೆ ವಿದ್ಯುತ್ ಉಚಿತ, ಬೆಳೆ ಸಾಲಕ್ಕೆ ಬಡ್ಡಿ ರಿಯಾಯಿತಿ, ಆದಾಯ ತೆರಿಗೆಯೂ ಇಲ್ಲ, ಹಾಗಿರುವಾಗ ಕಡಿತದ ಮಾತು ಎಲ್ಲಿಂದ ಬಂತು ಎಂಬುದು. ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆ, ಅಂದರೆ ಒಇಸಿಡಿ, ದೆಹಲಿಯ ಇಕ್ರಿಯರ್ ಎಂಬ ಆರ್ಥಿಕ ಸಂಶೋಧನಾ ಸಂಸ್ಥೆಯ ಜೊತೆ ಸೇರಿ 2018ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಉತ್ತರ ಕೊಡುತ್ತದೆ. ಗೊಬ್ಬರ, ವಿದ್ಯುತ್ ಮುಂತಾದ ಎಲ್ಲ ಸಬ್ಸಿಡಿಗಳನ್ನು ಒಂದು ಕಡೆ ಕೂಡಿ, ರಫ್ತು ನಿರ್ಬಂಧ ಮತ್ತು ಮಾರುಕಟ್ಟೆ ಕಟ್ಟುಪಾಡುಗಳಿಂದ ಅಂತರರಾಷ್ಟ್ರೀಯ ಬೆಲೆಗಿಂತ ಕಡಿಮೆ ಬೆಲೆ ಪಡೆದು ರೈತರು ಕಳೆದುಕೊಂಡದ್ದನ್ನು ಇನ್ನೊಂದು ಕಡೆ ಕೂಡಿ ನೋಡಿದಾಗ, 2000-01ರಿಂದ 2016-17ರವರೆಗೆ ಭಾರತದ ರೈತರಿಗೆ ಸಿಕ್ಕ ಬೆಂಬಲ ಸರಾಸರಿ ಅವರ ಒಟ್ಟು ಆದಾಯದ ಋಣ ಶೇ 14ರಷ್ಟು ಎಂದು ಅದು ಲೆಕ್ಕ ಹಾಕಿತು. ಸರಳವಾಗಿ ಹೇಳುವುದಾದರೆ, ಸಬ್ಸಿಡಿಯಾಗಿ ಕೊಟ್ಟದ್ದಕ್ಕಿಂತ ಬೆಲೆಯ ಮೂಲಕ ಕಿತ್ತುಕೊಂಡದ್ದೇ ಹೆಚ್ಚು.

ಈ ಸರಾಸರಿಯೊಳಗೂ ಒಂದು ಅನ್ಯಾಯ ಅಡಗಿದೆ. 45 ಕೆ.ಜಿ. ಯೂರಿಯಾ ಚೀಲ 266 ರೂಪಾಯಿ 50 ಪೈಸೆಗೆ ಸಿಗುವುದರ ಪ್ರಯೋಜನ ಹೆಚ್ಚಾಗಿ ನೀರಾವರಿ ಇರುವ ಭತ್ತ, ಗೋಧಿ, ಕಬ್ಬಿನ ಹೊಲಕ್ಕೆ. ರಾಜ್ಯದಲ್ಲಿ 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗಿರುವ ಉಚಿತ ವಿದ್ಯುತ್ತಿನ ಪ್ರಯೋಜನ ಕೊಳವೆಬಾವಿ ಇರುವವರಿಗೆ. ಗಾಳಿಯ ಸಾರಜನಕವನ್ನು ತಾನೇ ಮಣ್ಣಿಗೆ ಸೇರಿಸುವ, ಮಳೆಯನ್ನೇ ನಂಬಿರುವ ತೊಗರಿಯ ಒಣಬೇಸಾಯದವರಿಗೆ ಈ ಎರಡರಲ್ಲೂ ಪಾಲು ತೀರಾ ಕಡಿಮೆ, ಆದರೆ ಬೆಲೆ ನಿಯಂತ್ರಣದ ಹೊಡೆತ ಮಾತ್ರ ಪೂರ್ತಿ. ಬೆಂಬಲ ಬೆಲೆ 23 ಬೆಳೆಗಳಿಗೆ ಘೋಷಣೆಯಾಗುತ್ತದೆಯಾದರೂ ಅದರಡಿ ಸರ್ಕಾರಿ ಸಂಸ್ಥೆಗಳಿಗೆ ಮಾರುವವರು ದೇಶದ ರೈತ ಕುಟುಂಬಗಳಲ್ಲಿ ಶೇ 6ರಷ್ಟು ಮಾತ್ರ ಎಂದು ಆಹಾರ ನಿಗಮದ ಪುನರ್‌ರಚನೆ ಕುರಿತ ಶಾಂತಕುಮಾರ್ ಸಮಿತಿ 2015ರಲ್ಲೇ ಹೇಳಿತ್ತು.

ಹಾಗೆಂದು ಬೆಲೆಯನ್ನು ಏರಲು ಬಿಟ್ಟುಬಿಡುವುದೇ ಪರಿಹಾರ ಎಂದು ನಾನು ಹೇಳುವುದಿಲ್ಲ. 2015-16ರ ಕೃಷಿ ಗಣತಿಯ ಪ್ರಕಾರ ದೇಶದ ಹಿಡುವಳಿಗಳಲ್ಲಿ ಶೇ 86ರಷ್ಟು ಎರಡು ಹೆಕ್ಟೇರಿಗಿಂತ ಚಿಕ್ಕವು, ಸರಾಸರಿ ಹಿಡುವಳಿ 1.08 ಹೆಕ್ಟೇರ್. ಇಷ್ಟು ಭೂಮಿಯವರು ಬೆಳೆದು ಮಾರುವುದಕ್ಕಿಂತ ಕೊಂಡು ತಿನ್ನುವುದೇ ಹಲವು ಸಲ ಹೆಚ್ಚು. ತೊಗರಿ ಬೆಳೆದವನು ಅಕ್ಕಿ, ಎಣ್ಣೆ ಕೊಳ್ಳುತ್ತಾನೆ. ಭೂಮಿಯಿಲ್ಲದ ಕೃಷಿ ಕೂಲಿಕಾರರು ಎಲ್ಲವನ್ನೂ ಕೊಳ್ಳುತ್ತಾರೆ. ಆಹಾರ ದುಬಾರಿಯಾದರೆ ಮೊದಲು ಹೊಟ್ಟೆ ಕಟ್ಟಬೇಕಾದವರು ಹಳ್ಳಿಯಲ್ಲೇ ಇದ್ದಾರೆ. ಆದ್ದರಿಂದ ಆಹಾರ ಅಗ್ಗವಾಗಿ ಸಿಗಬೇಕು ಎಂಬ ಗುರಿ ಸರಿಯಾದದ್ದು. ಅದರ ವೆಚ್ಚವನ್ನು ಬಜೆಟ್ಟಿನಲ್ಲಿ ಬರೆದು ಎಲ್ಲ ತೆರಿಗೆದಾರರೂ ಹಂಚಿಕೊಳ್ಳಬೇಕೇ, ಅಥವಾ ಅಧಿಸೂಚನೆಯ ಮೂಲಕ ಬೆಳೆಗಾರನೊಬ್ಬನ ತಲೆಗೆ ಕಟ್ಟಬೇಕೇ ಎಂಬಲ್ಲಿ ಮಾತ್ರ ನನ್ನ ತಕರಾರು.

ಎರಡನೆಯ ಕೆಲಸಕ್ಕೆ ಬರೋಣ. 2020ರ ಏಪ್ರಿಲ್‌ನಿಂದ ಜೂನ್‌ವರೆಗಿನ ಲಾಕ್‌ಡೌನ್ ತ್ರೈಮಾಸಿಕದಲ್ಲಿ ದೇಶದ ಆರ್ಥಿಕತೆ ಮೊದಲ ಅಂದಾಜಿನಂತೆ ಶೇ 23.9ರಷ್ಟು ಕುಸಿದಾಗ, ಕೃಷಿ ಶೇ 3.4ರಷ್ಟು ಬೆಳೆದಿತ್ತು. ಬೆಂಗಳೂರಿನ ಕಟ್ಟಡಗಳ ಕೆಲಸ ನಿಂತು ಯಾದಗಿರಿ, ರಾಯಚೂರು, ಕಲಬುರಗಿಯ ಗುಳೆ ಹೋದ ಕುಟುಂಬಗಳು ಮೂಟೆ ಕಟ್ಟಿಕೊಂಡು ವಾಪಸಾದಾಗ ಅವರನ್ನು ಸೇರಿಸಿಕೊಂಡದ್ದು ಊರಿನ ಎರಡು ಮೂರು ಎಕರೆ ಹೊಲ. 2018-19ರಲ್ಲಿ ಶೇ 42.5ಕ್ಕೆ ಇಳಿದಿದ್ದ ಕೃಷಿಯ ಉದ್ಯೋಗ ಪಾಲು 2020-21ಕ್ಕೆ ಶೇ 46.5 ಆಯಿತು. ಅದು ತಾತ್ಕಾಲಿಕ ಎಂದು ಎಲ್ಲರೂ ಭಾವಿಸಿದ್ದರು. ಕಾರ್ಖಾನೆ, ಕಚೇರಿಗಳೆಲ್ಲ ತೆರೆದು ಆರ್ಥಿಕತೆ ವೇಗವಾಗಿ ಬೆಳೆದ ಮೇಲೂ 2023-24ರವರೆಗೆ ಅದು ಶೇ 46ರ ಆಸುಪಾಸಿನಲ್ಲೇ ಉಳಿದಿತ್ತು. 1978ರಲ್ಲಿ ಶೇ 70ರಷ್ಟು ದುಡಿಮೆಗಾರರನ್ನು ಕೃಷಿಯಲ್ಲಿಟ್ಟುಕೊಂಡಿದ್ದ ಚೀನಾ ಈಗ ಆ ಪಾಲನ್ನು ನಾಲ್ಕನೇ ಒಂದಕ್ಕಿಂತ ಕೆಳಗಿಳಿಸಿದೆ. ಅಲ್ಲಿ ಹಳ್ಳಿಗಳ ಪಕ್ಕದಲ್ಲೇ ಎದ್ದ ಸಣ್ಣ ಕೈಗಾರಿಕೆಗಳು ಜನರನ್ನು ಸೆಳೆದುಕೊಂಡವು. ನಮ್ಮಲ್ಲಿ ಹೊಲದಿಂದ ಹೊರಬಂದವರಿಗೆ ಸಿಕ್ಕಿದ್ದು ಹೆಚ್ಚಾಗಿ ಕಟ್ಟಡ ಕೆಲಸ, ಡೆಲಿವರಿ, ಸೆಕ್ಯುರಿಟಿ. ಅಂದರೆ ಮೊದಲ ಏಟಿಗೇ ಮುರಿದು ಬೀಳುವ ಉದ್ಯೋಗಗಳು.

ಬಹುಪಾಲು ದುಡಿಮೆಗಾರರಿಗೆ ನಿರುದ್ಯೋಗ ವಿಮೆ ಇಲ್ಲದ ದೇಶದಲ್ಲಿ ಕೃಷಿಯೇ ಆ ವಿಮೆಯಾಗಿದೆ, ಅದರ ಕಂತನ್ನು ರೈತ ಕುಟುಂಬ ತನ್ನ ಊಟದ ಪಾಲು ಹಂಚಿಕೊಂಡು ಕಟ್ಟುತ್ತಿದೆ. ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ 2018-19ರಲ್ಲಿ ಕೃಷಿ ಕುಟುಂಬವೊಂದರ ಸರಾಸರಿ ಮಾಸಿಕ ಆದಾಯ 10,218 ರೂಪಾಯಿ. ಅದರಲ್ಲಿ ಬೆಳೆಯಿಂದ ಬಂದದ್ದು 3,798, ಕೂಲಿ ಮತ್ತು ಸಂಬಳದಿಂದ ಬಂದದ್ದು 4,063. ರೈತನೆಂದು ನಾವು ಕರೆಯುವ ಕುಟುಂಬ, ಆದಾಯದ ಲೆಕ್ಕದಲ್ಲಿ, ಬೆಳೆಗಾರನಿಗಿಂತ ಹೆಚ್ಚಾಗಿ ಕೂಲಿಕಾರನದೇ. 2019ರಲ್ಲಿ ಆರಂಭವಾದ ಪಿಎಂ ಕಿಸಾನ್ ಯೋಜನೆಯ ವರ್ಷಕ್ಕೆ 6,000 ರೂಪಾಯಿ ಅಂದಿನಿಂದ ಒಂದು ರೂಪಾಯಿಯೂ ಏರಿಲ್ಲ, ಆದರೆ ಅಂದಿನ 6,000ಕ್ಕೆ ಬರುತ್ತಿದ್ದಷ್ಟು ಸಾಮಾನು ಇಂದು ಬರುವುದಿಲ್ಲ.

ಗಂಡಸರು ಗುಳೆ ಹೋದಾಗ ಹೊಲ ಉಳಿಯುವುದು ಹೆಂಗಸರ ಮೇಲೆ. 2023-24ರಲ್ಲಿ ಗ್ರಾಮೀಣ ದುಡಿಯುವ ಮಹಿಳೆಯರಲ್ಲಿ ಶೇ 76.9ರಷ್ಟು ಮಂದಿ ಕೃಷಿಯಲ್ಲಿದ್ದರು. ಆದರೆ ಹಿಡುವಳಿದಾರರಲ್ಲಿ ಮಹಿಳೆಯರು ಸುಮಾರು ಶೇ 14 ಮಾತ್ರ. ಕಳೆ ತೆಗೆಯುವುದು, ಬಿಡಿಸುವುದು, ರಾಶಿ ಮಾಡುವುದು ಅವರು. ಪಹಣಿ, ಸಾಲ, ವಿಮೆ, ಪರಿಹಾರದ ಖಾತೆ ಇನ್ನೊಬ್ಬರ ಹೆಸರಿನಲ್ಲಿ.

ಖರ್ಚನ್ನು ಬಹಿರಂಗವಾಗಿ ಭರಿಸುವುದು ಸಾಧ್ಯವೇ ಎಂದು ಕೇಳುವವರು ಕರ್ನಾಟಕದ ಹಾಲಿನ ವ್ಯವಸ್ಥೆಯನ್ನು ನೋಡಬೇಕು. ಊರಿನ ಡೇರಿಯಲ್ಲಿ ಬೆಳಿಗ್ಗೆ ಸಂಜೆ ಹಾಲು ಅಳೆದು, ಜಿಡ್ಡಿನ ಅಂಶ ನೋಡಿ, ನಿಗದಿತ ದಿನಕ್ಕೆ ಹಣ ಪಾವತಿಯಾಗುತ್ತದೆ. 2024ರ ಜೂನ್ ಕೊನೆಯಲ್ಲಿ ರಾಜ್ಯದ ಒಕ್ಕೂಟಗಳ ದಿನದ ಸಂಗ್ರಹ 1 ಕೋಟಿ ಲೀಟರ್ ತಲುಪಿತು. ನಂದಿನಿ ಹಾಲಿನ ದರ ಬೇರೆ ರಾಜ್ಯಗಳಿಗೆ ಹೋಲಿಸಿದರೆ ಕಡಿಮೆ, ಆ ಕಡಿಮೆ ದರದ ಒಂದು ಭಾಗವನ್ನು ರಾಜ್ಯದ ಬೊಕ್ಕಸವೇ ಲೀಟರಿಗೆ 5 ರೂಪಾಯಿಯ ಪ್ರೋತ್ಸಾಹಧನದ ರೂಪದಲ್ಲಿ ಉತ್ಪಾದಕರಿಗೆ ತುಂಬಿಕೊಡುತ್ತದೆ. ಪ್ರೋತ್ಸಾಹಧನ ಬಾಕಿ ಉಳಿಯುತ್ತದೆ ಎಂಬ ದೂರು ಇದೆ, ಅದು ನ್ಯಾಯವಾದ ದೂರು. ಆದರೂ ತತ್ವ ಸರಿಯಾಗಿದೆ: ಗ್ರಾಹಕನಿಗೆ ಅಗ್ಗದ ಹಾಲು ಬೇಕೆಂದರೆ ಅದರ ವ್ಯತ್ಯಾಸವನ್ನು ಸರ್ಕಾರ ಕೊಡಬೇಕು, ಹಸು ಸಾಕಿದವರು ಕೊಡಬೇಕಾಗಿಲ್ಲ. ಗ್ರಾಹಕ ಕೊಡುವ ರೂಪಾಯಿಯಲ್ಲಿ ಹಾಲು ಉತ್ಪಾದಕರಿಗೆ ಸುಮಾರು 70 ಪೈಸೆ ತಲುಪುತ್ತದೆ. ರಿಸರ್ವ್ ಬ್ಯಾಂಕಿನ ಸಂಶೋಧಕರು 2024ರಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿ ಟೊಮೆಟೊ ಬೆಳೆಗಾರರ ಪಾಲು 33 ಪೈಸೆ, ಈರುಳ್ಳಿಯವರದು 36, ಆಲೂಗಡ್ಡೆಯವರದು 37. ಹಾಲಿನಷ್ಟೇ ಬೇಗ ಕೆಡುವ ಟೊಮೆಟೊಗೆ ಇಂಥ ಸಂಸ್ಥೆಯೊಂದು ಕೋಲಾರದಲ್ಲಿ ಇಷ್ಟು ದಶಕಗಳಾದರೂ ಹುಟ್ಟಿಲ್ಲ ಎಂಬುದು ಬೇಸರದ ಸಂಗತಿ.

ಬೇಳೆಗೂ ಇದೇ ತತ್ವವನ್ನು ಅನ್ವಯಿಸಬಹುದು. ತೊಗರಿಯ ಆಮದು ಸುಂಕ ಯಾವ ಬೆಲೆಗೆ ಎಷ್ಟಿರುತ್ತದೆ ಎಂಬುದನ್ನು ಬಿತ್ತನೆಗೆ ಮುಂಚೆಯೇ ಪ್ರಕಟಿಸಿ, ಮಾರುಕಟ್ಟೆ ದರ ಬೆಂಬಲ ಬೆಲೆಗಿಂತ ಕೆಳಗೆ ಹೋದ ಕೂಡಲೇ ಸುಂಕ ತಾನಾಗಿಯೇ ಏರುವ ನಿಯಮ ಮಾಡಿದರೆ, ರಾಶಿಯ ಕಾಲದಲ್ಲಿ ದೆಹಲಿಯ ಅಧಿಸೂಚನೆಗಾಗಿ ಕಾಯುವ ಸ್ಥಿತಿ ತಪ್ಪುತ್ತದೆ. 2025ರ ಅಕ್ಟೋಬರಿನಲ್ಲಿ ರಾಜ್ಯ ಸಚಿವ ಸಂಪುಟ ಅನ್ನಭಾಗ್ಯದ ಹೆಚ್ಚುವರಿ 5 ಕೆ.ಜಿ. ಅಕ್ಕಿಯ ಬದಲಿಗೆ ತೊಗರಿ ಬೇಳೆ, ಎಣ್ಣೆ, ಸಕ್ಕರೆ, ಉಪ್ಪು ಇರುವ ಆಹಾರ ಕಿಟ್ ಕೊಡಲು ತೀರ್ಮಾನಿಸಿತು. ಪೌಷ್ಟಿಕತೆಯ ದೃಷ್ಟಿಯಿಂದ ಇದು ಒಳ್ಳೆಯ ಹೆಜ್ಜೆ. ಆ ಬೇಳೆಯನ್ನು ಅತಿ ಕಡಿಮೆ ದರ ನಮೂದಿಸಿದ ಟೆಂಡರುದಾರನಿಂದ ಕೊಳ್ಳುವ ಬದಲು, ಕಲಬುರಗಿ, ಬೀದರ್, ವಿಜಯಪುರದ ರೈತರಿಂದ ಬೆಂಬಲ ಬೆಲೆಗೆ ಕೊಂಡ ತೊಗರಿಯನ್ನೇ ಅಲ್ಲಿನ ದಾಲ್ ಮಿಲ್ಲುಗಳಲ್ಲಿ ಒಡೆಸಿ ಪಡಿತರಕ್ಕೆ ಕೊಟ್ಟರೆ, ಬಡವರಿಗೆ ಅಗ್ಗದ ಬೇಳೆಯೂ ಬೆಳೆಗಾರನಿಗೆ ನ್ಯಾಯದ ಬೆಲೆಯೂ ಆ ಭಾಗದಲ್ಲಿ ಒಂದಷ್ಟು ಉದ್ಯೋಗವೂ ಒಟ್ಟಿಗೆ ಸಾಧ್ಯ. ಇದಕ್ಕೆ ದುಡ್ಡು ಖರ್ಚಾಗುತ್ತದೆ. ಈಗಲೂ ಖರ್ಚಾಗುತ್ತಿದೆ, ಆದರೆ ಯಾವ ಬಜೆಟ್ ಪುಸ್ತಕದಲ್ಲೂ ಇಲ್ಲದ ಶೀರ್ಷಿಕೆಯಡಿ.

ಇಂಥ ಖರೀದಿ ನಿಜವಾಗಿ ಹೊಲ ಮಾಡಿದವರಿಗೆ ಮುಟ್ಟಬೇಕಾದರೆ ರಾಜ್ಯ ತನ್ನ ಅಂಗಳದಲ್ಲೇ ಸರಿಪಡಿಸಿಕೊಳ್ಳಬೇಕಾದ ಒಂದು ವಿಷಯವಿದೆ. ಖರೀದಿ ಕೇಂದ್ರದಲ್ಲಿ ಹೆಸರು ನೋಂದಾಯಿಸಲು ಫ್ರೂಟ್ಸ್ ಸಂಖ್ಯೆ, ಅಂದರೆ ರಾಜ್ಯದ ರೈತ ನೋಂದಣಿ ಸಂಖ್ಯೆ, ಬೇಕು, ಅದು ಪಹಣಿಗೆ ಜೋಡಣೆಯಾಗಿರಬೇಕು. 1974ರ ತಿದ್ದುಪಡಿಯ ನಂತರ ಕರ್ನಾಟಕದಲ್ಲಿ ಕೃಷಿ ಭೂಮಿಯನ್ನು ಗೇಣಿಗೆ ಕೊಡುವುದೇ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಕಾನೂನಿಗೆ ವಿರುದ್ಧ. ಉಳುವವನಿಗೆ ಭೂಮಿ ಕೊಡಿಸಿದ ಆ ಕಾಯ್ದೆಯ ಉಪಕಾರ ದೊಡ್ಡದು. ಆದರೆ ಇಂದು ಲಾವಣಿ, ಪಾಲು ಎಂಬ ಬಾಯಿಮಾತಿನ ಕರಾರಿನಲ್ಲಿ ಹೊಲ ಮಾಡುವವರು ಎಲ್ಲ ಊರಿನಲ್ಲೂ ಇದ್ದಾರೆ. ಅವರಿಗೆ ಬೆಂಬಲ ಬೆಲೆಯೂ ಇಲ್ಲ, ಬೆಳೆ ಸಾಲವೂ ಇಲ್ಲ, ನೆಟೆ ರೋಗ ಬಂದಾಗ ಪರಿಹಾರವೂ ಪಹಣಿದಾರರ ಖಾತೆಗೇ ಹೋಗುತ್ತದೆ. ನೆರೆಯ ಆಂಧ್ರಪ್ರದೇಶ 2019ರಲ್ಲಿ ಕಾನೂನು ಮಾಡಿ, ಭೂಮಿಯ ಒಡೆತನಕ್ಕೆ ಯಾವ ಧಕ್ಕೆಯೂ ಬರದಂತೆ, 11 ತಿಂಗಳ ಕರಾರಿನ ಆಧಾರದ ಮೇಲೆ ಸಾಗುವಳಿದಾರರಿಗೆ ಬೆಳೆಯ ಹಕ್ಕಿನ ಕಾರ್ಡ್ ಕೊಡಲು ಆರಂಭಿಸಿತು. ಮೊಬೈಲ್ ಆ್ಯಪಿನಲ್ಲಿ ಸರ್ವೆ ನಂಬರ್‌ವಾರು ಬೆಳೆ ಸಮೀಕ್ಷೆ ನಡೆಸುವ ವ್ಯವಸ್ಥೆ ನಮ್ಮಲ್ಲಿ ಈಗಾಗಲೇ ಇದೆ. ಯಾವ ಬೆಳೆ ಎಂದು ದಾಖಲಿಸುವ ಅದೇ ಪರದೆಯಲ್ಲಿ, ಈ ವರ್ಷ ಇದನ್ನು ಬೆಳೆದವರು ಯಾರು ಎಂಬ ಇನ್ನೊಂದು ಅಂಕಣ ಸೇರಿಸಿ, ಮನೆಯ ಹೆಂಗಸಿನ ಹೆಸರಾಗಲಿ ಲಾವಣಿ ಮಾಡಿದವರ ಹೆಸರಾಗಲಿ ಅಲ್ಲಿ ಬರೆಯಲು ಅವಕಾಶ ಕೊಟ್ಟು, ಆ ದಾಖಲೆಗೆ ಖರೀದಿ, ವಿಮೆ ಮತ್ತು ಪರಿಹಾರದ ಮಟ್ಟಿಗೆ ಕಾನೂನಿನ ಬಲ ನೀಡುವುದನ್ನು ಮುಂದಿನ ಮುಂಗಾರಿನ ಬಿತ್ತನೆಗೆ ಮೊದಲೇ ಮಾಡಬಹುದು.